ಇಂಟರ್ನೆಟ್ ಇದೆ, ಪ್ರಿಂಟರ್ ಹೆಸರು ಮಾತ್ರ ಸಿಗುತ್ತಿಲ್ಲವೇ? ಹೀಗೆ ಹುಡುಕಿ

ಮನೆಯಲ್ಲಿ ಒಂದು ಡೆಸ್ಕ್‌ಟಾಪ್, ಎರಡು ಲ್ಯಾಪ್‌ಟಾಪ್, ಒಂದು ವೈಫೈ ಪ್ರಿಂಟರ್, ಫೋಟೊಗಳನ್ನು ಕೂಡಿಡಲು ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರ್ ಇದೆ ಅಂತಿಟ್ಟುಕೊಳ್ಳಿ. ನಿನ್ನೆವರೆಗೂ ಬ್ರೌಸರ್‌ನಲ್ಲಿ ‘ಪೈಮನೆ.ಲೋಕಲ್’ ಎಂಬ ಅದರ ಹೆಸರು ಹಾಕಿದರೆ ಫೋಟೊಗಳು ತೆರೆಯುತ್ತಿದ್ದವು. ಇವತ್ತು ಬೆಳಗ್ಗೆ ಕರೆಂಟ್ ಹೋಗಿ ಬಂದ ಮೇಲೆ ‘ಸರ್ವರ್ ಸಿಗಲಿಲ್ಲ’ ಎನ್ನುತ್ತಿದೆ. ಯೂಟ್ಯೂಬ್ ಮಾತ್ರ ಆರಾಮಾಗಿ ಓಡುತ್ತಿದೆ.

ಇಂಥ ಹೊತ್ತಲ್ಲಿ ತುಂಬಾ ಜನ ಪಿನ್ನು ತಗೊಂಡು ರೂಟರ್‌ನ ರೀಸೆಟ್ ಗುಂಡಿ ಒತ್ತುತ್ತಾರೆ. ದಯವಿಟ್ಟು ಒತ್ತಬೇಡಿ. ವೈಫೈ ಪಾಸ್‌ವರ್ಡ್, ಇಂಟರ್ನೆಟ್ ಕಂಪನಿಯವರು ಹಾಕಿಕೊಟ್ಟ ಲಾಗಿನ್ ಎಲ್ಲ ಅಳಿಸಿಹೋಗುತ್ತದೆ, ಮೂಲ ತೊಂದರೆ ಹಾಗೇ ಉಳಿಯಬಹುದು. ಮೊದಲು ತಿಳಿಯಬೇಕಾದದ್ದು ಒಂದೇ: ಕೆಟ್ಟಿರುವುದು ದಾರಿಯೋ, ಹೆಸರೋ? ಇದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಮೊದಲು ನಂಬರ್ ಹಿಡಿಯಿರಿ

ನೆಟ್‌ವರ್ಕ್‌ನಲ್ಲಿ ಪ್ರತಿ ಸಾಧನಕ್ಕೂ ಒಂದು ಐಪಿ ವಿಳಾಸ ಇರುತ್ತದೆ. ಹೆಸರು ನಮಗೋಸ್ಕರ, ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವುದು ಈ ನಂಬರ್‌ನಲ್ಲೇ. ಪ್ರಿಂಟರ್ ಆದರೆ ಅದರ ಪರದೆಯಲ್ಲಿ ನೆಟ್‌ವರ್ಕ್ ಮೆನು ತೆರೆಯಿರಿ, ಅಲ್ಲೇ ವಿಳಾಸ ಇರುತ್ತದೆ. ಉಳಿದ ಸಾಧನಗಳಿಗೆ ಬ್ರೌಸರ್‌ನಲ್ಲಿ ರೂಟರ್‌ನ ಸೆಟ್ಟಿಂಗ್ ಪುಟಕ್ಕೆ ಹೋಗಿ ‘ಡಿಎಚ್‌ಸಿಪಿ ಕ್ಲೈಂಟ್ ಲಿಸ್ಟ್’ ಅಥವಾ ‘ಕನೆಕ್ಟೆಡ್ ಡಿವೈಸಸ್’ ನೋಡಿ. ಪೈಮನೆಯ ವಿಳಾಸ 192.168.1.20 ಅಂತ ಸಿಕ್ಕಿತು ಅನ್ನೋಣ.

ಈಗ ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಪಿಂಗ್ 192.168.1.20’ ಕೊಡಿ. ಇಲ್ಲಿ ಹೇಳುವ ಕಮಾಂಡ್‌ಗಳನ್ನೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು. ಉತ್ತರ ಬಂದರೆ ದಾರಿ ಸರಿಯಿದೆ, ತೊಂದರೆ ಹೆಸರಿನದು. ಬರದಿದ್ದರೆ ಬ್ರೌಸರ್‌ನಲ್ಲೂ ಆ ನಂಬರನ್ನೇ ಹಾಕಿ ನೋಡಿ. ಫೈರ್‌ವಾಲ್ ತಡೆಯುವುದರಿಂದ ಕೆಲವು ಸಾಧನಗಳು, ಅದರಲ್ಲೂ ವಿಂಡೋಸ್ ಕಂಪ್ಯೂಟರ್‌ಗಳು, ಪಿಂಗ್‌ಗೆ ಉತ್ತರ ಕೊಡುವುದಿಲ್ಲ. ಪಿಂಗ್ ಬರಲಿಲ್ಲ ಎಂದಮಾತ್ರಕ್ಕೆ ಯಂತ್ರ ಸತ್ತಿದೆ ಎಂದಲ್ಲ.

ದಾರಿಯೇ ಕೆಟ್ಟಿದ್ದರೆ

‘ಐಪಿಕಾನ್ಫಿಗ್’ ಕಮಾಂಡ್ ಕೊಟ್ಟು ನಿಮ್ಮ ಕಂಪ್ಯೂಟರ್‌ನ ವಿಳಾಸ ನೋಡಿ. ಚುಕ್ಕಿಗಳ ನಡುವಿನ ಮೊದಲ ಮೂರು ಸಂಖ್ಯೆಗಳು ಎರಡೂ ಕಡೆ ಒಂದೇ ಇವೆಯೇ? ನಿಮ್ಮದು 192.168.0 ಎಂದು ಶುರುವಾಗಿ, ಪೈನದು 192.168.1 ಎಂದು ಶುರುವಾದರೆ ಮನೆಯಲ್ಲಿ ಎರಡು ರೂಟರ್ ಕೆಲಸ ಮಾಡುತ್ತಿವೆ ಎಂದು ಅನುಮಾನಪಡಿ. ನಮ್ಮ ಕಡೆ ಇದು ಮಾಮೂಲು. ಫೈಬರ್ ಕಂಪನಿ ಕೊಟ್ಟ ಡಬ್ಬಿ ಹಾಲ್‌ನಲ್ಲಿ, ಮಹಡಿಯಲ್ಲಿ ಸಿಗ್ನಲ್ ಸಾಲದೆಂದು ನಾವೇ ಕೊಂಡು ತಂದ ಇನ್ನೊಂದು. ಎರಡೂ ಬೇರೆ ಬೇರೆ ನೆಟ್‌ವರ್ಕ್ ಮಾಡಿಕೊಂಡು ಕೂತಿರುತ್ತವೆ. ಮೇಲಿನ ರೂಟರ್‌ಗೆ ಸೇರಿದ ಲ್ಯಾಪ್‌ಟಾಪ್‌ನಿಂದ ಕೆಳಗಿನ ಪೈಗೆ ನಂಬರ್ ಹಾಕಿ ಹೋಗಬಹುದು, ಆದರೆ ಕೆಳಗಿನಿಂದ ಮೇಲಕ್ಕೆ ಹೋಗಲಾಗದು. ‘.ಲೋಕಲ್’ ಹೆಸರಂತೂ ಎರಡೂ ಕಡೆಗೆ ದಾಟುವುದಿಲ್ಲ. ಎರಡನೇ ರೂಟರ್‌ನ ಸೆಟ್ಟಿಂಗ್‌ನಲ್ಲಿ ‘ಆಕ್ಸೆಸ್ ಪಾಯಿಂಟ್ ಮೋಡ್’ ಆರಿಸಿ. ಮನೆಯೆಲ್ಲ ಒಂದೇ ನೆಟ್‌ವರ್ಕ್ ಆಗುತ್ತದೆ.

ವಿಳಾಸ 169.254 ಎಂದು ಶುರುವಾಗಿದ್ದರೆ ಆ ಸಾಧನಕ್ಕೆ ರೂಟರ್‌ನಿಂದ ವಿಳಾಸವೇ ಸಿಕ್ಕಿಲ್ಲ. ವೈಫೈ ಬಿಟ್ಟು ಮತ್ತೆ ಸೇರಿಸಿ. ಗೆಸ್ಟ್ ವೈಫೈಗೆ ಸೇರಿದ್ದೀರಾ ಅಂತಲೂ ನೋಡಿ. ಗೆಸ್ಟ್‌ಗೆ ಸೇರಿದವರಿಗೆ ಇಂಟರ್ನೆಟ್ ಮಾತ್ರ ಸಿಗಲಿ, ಮನೆಯ ಯಂತ್ರಗಳು ಕಾಣದಿರಲಿ ಅಂತಲೇ ಅದನ್ನು ಮಾಡಿರುವುದು. ವೈಫೈಗೆ ಸೇರಿದ ಯಂತ್ರಗಳು ಒಂದಕ್ಕೊಂದು ಕಾಣದಂತೆ ಮಾಡುವ ‘ಎಪಿ ಐಸೊಲೇಷನ್’ ರೂಟರ್‌ನಲ್ಲಿ ಆನ್ ಆಗಿದ್ದರೂ ಇದೇ ಕಥೆ. ವಿಂಡೋಸ್‌ನಲ್ಲಿ ಮನೆಯ ವೈಫೈ ‘ಪಬ್ಲಿಕ್’ ಅಂತ ಗುರುತಾಗಿದ್ದರೆ ‘ಪ್ರೈವೇಟ್’ ಮಾಡಿ.

ಹೆಸರಿಗೆ ಉತ್ತರ ಕೊಡುವವರು ಯಾರು?

ನಂಬರ್‌ನಿಂದ ತೆರೆಯುತ್ತದೆ, ಹೆಸರಿನಿಂದ ಇಲ್ಲ. ನಿಜವಾದ ಹುಡುಕಾಟ ಇಲ್ಲಿಂದ ಶುರು. ಮನೆಯ ನೆಟ್‌ವರ್ಕ್‌ನಲ್ಲಿ ಹೆಸರಿಗೆ ನಂಬರ್ ಹೇಳಬಲ್ಲವರು ಒಬ್ಬರಲ್ಲ, ಹಲವರು. ನಿಮ್ಮ ಕಂಪ್ಯೂಟರ್ ಯಾರನ್ನು ಕೇಳುತ್ತಿದೆ ಎಂದು ಗೊತ್ತಿಲ್ಲದೆ ಸುಮ್ನೆ ಸೆಟ್ಟಿಂಗ್ ತಿರುವಿದರೆ ಗೋಜಲು ಜಾಸ್ತಿಯಾಗುತ್ತದೆ.

ಕಂಪ್ಯೂಟರ್‌ನೊಳಗೇ ಇರುವ ‘ಹೋಸ್ಟ್ಸ್’ ಫೈಲ್ ಒಬ್ಬ. ಇಂಟರ್ನೆಟ್‌ಗಿಂತ ಮುಂಚಿನ ಅರ್ಪಾನೆಟ್ ಕಾಲದಲ್ಲಿ ಎಲ್ಲ ಯಂತ್ರಗಳ ಹೆಸರೂ ಇಂಥದ್ದೊಂದು ಫೈಲ್‌ನಲ್ಲೇ ಇರುತ್ತಿತ್ತು. ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಅವರ ತಂಡ ಅದನ್ನು ನೋಡಿಕೊಳ್ಳುತ್ತಿತ್ತು, ಉಳಿದವರು ನಕಲು ಇಳಿಸಿಕೊಳ್ಳುತ್ತಿದ್ದರು. ಯಂತ್ರಗಳು ಹೆಚ್ಚಾಗಿ ಅದು ಕೈಮೀರಿದಾಗ 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಹೆಸರಿಗೆ ನಂಬರ್ ಹುಡುಕಿಕೊಡುವ ಡಿಎನ್‌ಎಸ್ ವ್ಯವಸ್ಥೆಯನ್ನು ರೂಪಿಸಿದರು. ಆದರೂ ಆ ಹಳೆಯ ಫೈಲ್ ಪ್ರತಿ ಕಂಪ್ಯೂಟರ್‌ನಲ್ಲೂ ಉಳಿದುಕೊಂಡಿದೆ, ಅದರ ಮಾತೇ ಮೊದಲು ನಡೆಯುತ್ತದೆ.

ಇನ್ನೊಬ್ಬ ಡಿಎನ್‌ಎಸ್ ಸರ್ವರ್. ಮನೆಯಲ್ಲಿ ಸಾಮಾನ್ಯವಾಗಿ ಇದು ರೂಟರ್. ಮೂರನೆಯದು ಎಂಡಿಎನ್‌ಎಸ್, ‘.ಲೋಕಲ್’ ಎಂದು ಮುಗಿಯುವ ಹೆಸರುಗಳೆಲ್ಲ ಇದರ ಪಾಲು. ಇದಕ್ಕೆ ಸರ್ವರ್ರೇ ಬೇಡ. ‘ಪೈಮನೆ ಯಾರು?’ ಎಂಬ ಪ್ರಶ್ನೆ 224.0.0.251 ಎಂಬ ವಿಳಾಸಕ್ಕೆ, 5353ನೇ ಪೋರ್ಟ್‌ಗೆ ಹೋಗುತ್ತದೆ. ಮನೆಯ ಯಂತ್ರಗಳೆಲ್ಲ ಕೇಳಿಸಿಕೊಳ್ಳುತ್ತವೆ, ಆ ಹೆಸರಿನದ್ದು ಮಾತ್ರ ‘ನಾನು’ ಎನ್ನುತ್ತದೆ. ಆಪಲ್‌ನಲ್ಲಿ ಇದರ ಹೆಸರು ಬಾಂಜೂರ್, ಲಿನಕ್ಸ್‌ನಲ್ಲಿ ಅವಾಹಿ. ವಿಂಡೋಸ್‌ನಲ್ಲಿ ಇವಲ್ಲದೆ ನೆಟ್‌ಬಯೋಸ್ ಎಂಬ ಹಳೆಯ ಪದ್ಧತಿಯೂ ಇದೆ.

ಪಿಂಗ್ ಬೇರೆ, ಎನ್‌ಎಸ್‌ಲುಕಪ್ ಬೇರೆ

ಇಲ್ಲಿ ಎಷ್ಟೋ ಜನ ಎಡವುತ್ತಾರೆ. ‘ಎನ್‌ಎಸ್‌ಲುಕಪ್ ಪೈಮನೆ.ಲೋಕಲ್’ ಎಂದು ಕೇಳಿ, ‘ಇಂಥ ಹೆಸರೇ ಇಲ್ಲ’ ಎಂಬ ಉತ್ತರ ನೋಡಿ ಗಾಬರಿಯಾಗುತ್ತಾರೆ. ಎನ್‌ಎಸ್‌ಲುಕಪ್ ಕೇಳುವುದು ಡಿಎನ್‌ಎಸ್ ಸರ್ವರನ್ನು ಮಾತ್ರ. ಹೋಸ್ಟ್ಸ್ ಫೈಲ್ ಅದು ನೋಡುವುದಿಲ್ಲ, ಎಂಡಿಎನ್‌ಎಸ್ ಅದಕ್ಕೆ ಗೊತ್ತಿಲ್ಲ. ಪಿಂಗ್ ಮಾತ್ರ ಕಂಪ್ಯೂಟರ್‌ನ ಮಾಮೂಲು ದಾರಿಯಲ್ಲೇ ಹೆಸರು ಹುಡುಕುತ್ತದೆ. ಅದಕ್ಕೇ ಎರಡನ್ನೂ ಕೊಟ್ಟು ಹೋಲಿಸಬೇಕು.

‘.ಲೋಕಲ್’ ಹೆಸರಿಗೆ ಪಿಂಗ್ ನಂಬರ್ ತೋರಿಸಿದರೆ ಸಾಕು, ಎನ್‌ಎಸ್‌ಲುಕಪ್ ಏನೇ ಅನ್ನಲಿ ಬಿಡಿ. ಪಿಂಗ್ ಹಳೆಯ, ತಪ್ಪು ನಂಬರ್ ತೋರಿಸುತ್ತಿದ್ದರೆ? ಎನ್‌ಎಸ್‌ಲುಕಪ್ ಸರಿಯಾದದ್ದನ್ನೇ ಹೇಳುತ್ತಿದ್ದರೆ ಹೋಸ್ಟ್ಸ್ ಫೈಲ್‌ನಲ್ಲಿ ಎಂದೋ ಬರೆದ ಸಾಲು ಅಥವಾ ಕಂಪ್ಯೂಟರ್‌ನ ಕ್ಯಾಶ್, ಅಂದರೆ ಹಿಂದೆ ಸಿಕ್ಕ ಉತ್ತರಗಳ ನೆನಪು, ಕಾರಣ. ವಿಂಡೋಸ್‌ನಲ್ಲಿ ‘ಐಪಿಕಾನ್ಫಿಗ್ ಸ್ಲ್ಯಾಶ್ ಫ್ಲಶ್‌ಡಿಎನ್‌ಎಸ್’ ಕೊಟ್ಟರೆ ಕ್ಯಾಶ್ ಖಾಲಿಯಾಗುತ್ತದೆ. ಸ್ಲ್ಯಾಶ್ ಜಾಗದಲ್ಲಿ ಆ ಗುರುತನ್ನೇ ಹಾಕಿ.

ಪಿಂಗ್‌ಗೂ ಹೆಸರು ಸಿಗದಿದ್ದರೆ ಪೈ ಕಡೆ ಹೋಗಿ ಅವಾಹಿ ಓಡುತ್ತಿದೆಯೇ ನೋಡಿ. ಮನೆಯಲ್ಲಿ ಅದೇ ಹೆಸರಿನ ಇನ್ನೊಂದು ಯಂತ್ರವಿದ್ದರೆ ಅವಾಹಿ ತಾನಾಗಿಯೇ ಒಂದರ ಹೆಸರನ್ನು ‘ಪೈಮನೆ-2.ಲೋಕಲ್’ ಅಂತ ಮಾಡಿಬಿಡುತ್ತದೆ. ಕೇಬಲ್ ಹಾಕಿದಾಗ ಸಿಗುತ್ತದೆ, ವೈಫೈಯಲ್ಲಿ ಸಿಗುವುದಿಲ್ಲ ಎಂದಾದರೆ ಎಂಡಿಎನ್‌ಎಸ್‌ನಂತೆ ಹಲವು ಯಂತ್ರಗಳಿಗೆ ಒಟ್ಟಿಗೆ ಕಳಿಸುವ ಸಂದೇಶವನ್ನು (ಮಲ್ಟಿಕ್ಯಾಸ್ಟ್) ರೂಟರ್ ತಡೆಯುತ್ತಿರಬಹುದು. ‘ಐಜಿಎಂಪಿ ಸ್ನೂಪಿಂಗ್’ ಸೆಟ್ಟಿಂಗ್ ಬದಲಿಸಿ ನೋಡಿ.

ಎಂಟರ ಸಾಲಿನ ತೊಂದರೆ

‘.ಲೋಕಲ್’ ಇಲ್ಲದೆ ರೂಟರ್ ಕೊಡುವ ಹೆಸರನ್ನು ನಂಬಿದವರು ‘ಐಪಿಕಾನ್ಫಿಗ್ ಸ್ಲ್ಯಾಶ್ ಆಲ್’ ಕೊಟ್ಟು ‘ಡಿಎನ್‌ಎಸ್ ಸರ್ವರ್ಸ್’ ಎಂಬ ಸಾಲು ಓದಿ. ಅಲ್ಲಿ ರೂಟರ್‌ನ ವಿಳಾಸದ ಬದಲು 8.8.8.8 (ಗೂಗಲ್‌ನದ್ದು) ಅಥವಾ 1.1.1.1 (ಕ್ಲೌಡ್‌ಫ್ಲೇರ್ ಕಂಪನಿಯದ್ದು) ಇದ್ದರೆ ಕಾರಣ ಸಿಕ್ಕಿತು. ಇಂಟರ್ನೆಟ್ ಚುರುಕಾಗಲಿ ಅಂತ ಯಾರೋ ಹೇಳಿದ್ದು ಕೇಳಿ ಇದನ್ನು ಹಾಕಿಕೊಂಡಿರುತ್ತೇವೆ, ಅಲ್ವಾ? ಗೂಗಲ್‌ನ ಸರ್ವರ್‌ಗೆ ನಿಮ್ಮ ಮನೆಯ ಪೈ ಗೊತ್ತಿರಲು ಸಾಧ್ಯವೇ ಇಲ್ಲ. ಮೆಜೆಸ್ಟಿಕ್‌ನಲ್ಲಿ ನಿಂತು ನಿಮ್ಮೂರಿನ ಅಜ್ಜಿ ಮನೆ ಯಾವ ಓಣಿಯಲ್ಲಿದೆ ಎಂದು ಕೇಳಿದ ಹಾಗೆ.

ಇನ್ನೂ ಕಾಡುವುದು ಎರಡನ್ನೂ ಬರೆದಿಟ್ಟಾಗ. ಮೊದಲನೆಯದು ರೂಟರ್, ಎರಡನೆಯದು 8.8.8.8. ಮೊದಲನೆಯವನಿಗೆ ಗೊತ್ತಿಲ್ಲದಿದ್ದರೆ ಎರಡನೆಯವನನ್ನು ಕೇಳುತ್ತದೆ ಎಂದು ನಾವು ಅಂದುಕೊಳ್ಳುತ್ತೇವೆ. ಹಾಗಲ್ಲ. ‘ಆ ಹೆಸರಿಲ್ಲ’ ಎನ್ನುವುದೂ ಒಂದು ಪೂರ್ಣ ಉತ್ತರವೇ, ಅದು ಬಂದ ಮೇಲೆ ಕಂಪ್ಯೂಟರ್ ಇನ್ನೊಬ್ಬರನ್ನು ಕೇಳುವುದಿಲ್ಲ. ರೂಟರ್ ಉತ್ತರಿಸಲು ತಡಮಾಡಿ ಪ್ರಶ್ನೆ 8.8.8.8ಕ್ಕೆ ಹೋದರೆ ‘ಇಲ್ಲ’ ಅಂತ ಬರುತ್ತದೆ. ಒಮ್ಮೆ ಸಿಗುತ್ತದೆ, ಇನ್ನೊಮ್ಮೆ ಇಲ್ಲ ಎನ್ನುವ ದೂರುಗಳಲ್ಲಿ ಮೊದಲು ನೋಡಬೇಕಾದದ್ದು ಇದನ್ನೇ. ಮನೆಯ ಯಂತ್ರಗಳಿಗೆಲ್ಲ ರೂಟರ್ ಒಂದನ್ನೇ ಡಿಎನ್‌ಎಸ್ ಮಾಡಿ. 8.8.8.8 ಬೇಕೇ ಬೇಕೆಂದರೆ ರೂಟರ್‌ನ ‘ವ್ಯಾನ್’, ಅಂದರೆ ಇಂಟರ್ನೆಟ್ ಕಡೆಯ, ಸೆಟ್ಟಿಂಗ್‌ನಲ್ಲಿ ಹಾಕಿ. ಅದೇ ಸಾಲಿನಲ್ಲಿ ಉದ್ದನೆಯ ಐಪಿವಿ6 ವಿಳಾಸ ಇದ್ದರೆ ಅದನ್ನೂ ಕಡೆಗಣಿಸಬೇಡಿ. ಅದು ಇಂಟರ್ನೆಟ್ ಕಂಪನಿಯ ಸರ್ವರ್ ಆಗಿರಬಹುದು.

ರೂಟರ್‌ಗೇ ಆ ಹೆಸರು ಗೊತ್ತೋ ಇಲ್ಲವೋ ತಿಳಿಯಲು ‘ಎನ್‌ಎಸ್‌ಲುಕಪ್ ಪೈಮನೆ 192.168.1.1’ ಎಂದು ನೇರ ಅದನ್ನೇ ಕೇಳಿ. ಕೊನೆಯ ನಂಬರ್ ನಿಮ್ಮ ರೂಟರ್‌ನದ್ದು. ಎಲ್ಲ ರೂಟರ್‌ಗಳೂ ಮನೆಯ ಹೆಸರುಗಳನ್ನು ನೆನಪಿಡುವುದಿಲ್ಲ, ಆಗ ‘.ಲೋಕಲ್’ ದಾರಿಯೇ ಗತಿ.

ಎಲ್ಲ ಸರಿಯಿದ್ದೂ ಬ್ರೌಸರ್‌ನಲ್ಲಿ ಮಾತ್ರ ತೆರೆಯದಿದ್ದರೆ ಅದರ ‘ಸೆಕ್ಯೂರ್ ಡಿಎನ್‌ಎಸ್’ ಆಫ್ ಮಾಡಿ ನೋಡಿ. ಆಂಡ್ರಾಯ್ಡ್ ಫೋನ್‌ನಲ್ಲಿ ಇದು ‘ಪ್ರೈವೇಟ್ ಡಿಎನ್‌ಎಸ್’. ಆಫೀಸಿನ ವಿಪಿಎನ್ ಆನ್ ಇದ್ದರೂ ಪ್ರಶ್ನೆಗಳು ಆಫೀಸಿಗೇ ಹೋಗಬಹುದು. ಒಂದೇ ಪದದ ಹೆಸರನ್ನು ಬ್ರೌಸರ್ ಹುಡುಕಾಟ ಎಂದುಕೊಳ್ಳುವುದೂ ಉಂಟು, ಕೊನೆಯಲ್ಲಿ ಒಂದು ಸ್ಲ್ಯಾಶ್ ಹಾಕಿದರೆ ಸರಿಯಾಗುತ್ತದೆ.

ಮತ್ತೆ ಕೆಡದ ಹಾಗೆ

ಕರೆಂಟ್ ಹೋಗಿ ಬಂದಾಗ ರೂಟರ್ ಹೊಸ ನಂಬರ್ ಹಂಚಬಹುದು. ಅದಕ್ಕೆ ಪ್ರಿಂಟರ್‌ಗೂ ಪೈಗೂ ರೂಟರ್‌ನಲ್ಲಿ ‘ಅಡ್ರೆಸ್ ರಿಸರ್ವೇಷನ್’ ಮಾಡಿಡಿ. ಆ ಸಾಧನದ ಮ್ಯಾಕ್ ವಿಳಾಸಕ್ಕೆ, ಅಂದರೆ ಅದರ ನೆಟ್‌ವರ್ಕ್ ಗುರುತು ಸಂಖ್ಯೆಗೆ, ಒಂದು ಐಪಿ ಕಟ್ಟಿಹಾಕುವುದಷ್ಟೇ ಕೆಲಸ. ಇದು ಮಾಡಿದ ಮೇಲೂ ಹೆಸರು ಸಿಗದಿದ್ದರೆ ಮಾತ್ರ ಹೋಸ್ಟ್ಸ್ ಫೈಲ್‌ಗೆ ಕೈಹಾಕಿ. ವಿಂಡೋಸ್‌ನಲ್ಲಿ ಅದು ಸಿ ಡ್ರೈವ್‌ನ ವಿಂಡೋಸ್ ಫೋಲ್ಡರ್, ಸಿಸ್ಟಮ್32, ಡ್ರೈವರ್ಸ್, ಇಟಿಸಿ ಒಳಗಿದೆ. ನೋಟ್‌ಪ್ಯಾಡನ್ನು ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಎಂದು ತೆರೆದು, ಹೊಸ ಸಾಲಿನಲ್ಲಿ ಮೊದಲು ನಂಬರ್, ಜಾಗ ಬಿಟ್ಟು ಹೆಸರು ಬರೆಯಿರಿ. ಉಳಿಸುವಾಗ ಬಾಲಕ್ಕೆ ‘.ಟಿಎಕ್ಸ್‌ಟಿ’ ಸೇರಿಕೊಂಡರೆ ವಿಂಡೋಸ್ ಅದನ್ನು ಓದುವುದೇ ಇಲ್ಲ.

ಸಾಧನಕ್ಕೆ ಹೆಸರಿಡುವಾಗ ಇಂಗ್ಲಿಷ್ ಅಕ್ಷರ, ಅಂಕಿ, ನಡುವೆ ಬೇಕಾದರೆ ಅಡ್ಡಗೆರೆ ಇಷ್ಟೇ ಬಳಸಿ, ಜಾಗ ಬಿಡಬೇಡಿ. 15 ಅಕ್ಷರ ಮೀರದಿರಲಿ, ನೆಟ್‌ಬಯೋಸ್‌ಗೆ ಅಷ್ಟೇ ಹಿಡಿಸುವುದು. ರೂಟರ್‌ನಲ್ಲಿ ಮನೆಯ ಡೊಮೇನ್ ಕೇಳಿದರೆ ‘.ಲೋಕಲ್’ ಹಾಕಬೇಡಿ, ಅದು ಎಂಡಿಎನ್‌ಎಸ್‌ಗೆ ಮೀಸಲು. ‘.ಡೆವ್’ ಕೂಡ ಬೇಡ, ಅದು ಇಂಟರ್ನೆಟ್‌ನಲ್ಲಿ ನಿಜವಾಗಿಯೂ ಇದೆ. ಮನೆಗಳಿಗೆಂದೇ 2018ರಲ್ಲಿ ‘ಹೋಮ್.ಅರ್ಪಾ’ ಎಂಬುದನ್ನು ಕಾದಿರಿಸಿದ್ದಾರೆ, ಅದನ್ನೇ ಹಾಕಿ. ಫೋನ್‌ಗೂ ನಂಬರ್ ಕಟ್ಟಿಹಾಕುವುದಿದ್ದರೆ ಮೊದಲು ಅದರ ವೈಫೈ ಸೆಟ್ಟಿಂಗ್‌ನಲ್ಲಿ ಮನೆಯ ನೆಟ್‌ವರ್ಕ್‌ಗೆ ‘ರ್‍ಯಾಂಡಮ್ ಮ್ಯಾಕ್’ ಆಫ್ ಮಾಡಿ. ಇಲ್ಲದಿದ್ದರೆ ಮ್ಯಾಕ್ ವಿಳಾಸ ಬದಲಾದ ದಿನ ರೂಟರ್ ಅದನ್ನು ಬೇರೆ ಫೋನ್ ಎಂದುಕೊಂಡು ಬೇರೆ ನಂಬರ್ ಕೊಡುತ್ತದೆ.