ಬ್ಯಾನರ್ ಚಿತ್ರದ ಗಾತ್ರ ಇಳಿಸಿದ ನನ್ನ ಅನುಭವ

ಗೂಗಲ್ ಆಡ್ಸ್‌ಗೆ ಅಪ್‌ಲೋಡ್ ಮಾಡುವ ಚಿತ್ರ ಜಾಹೀರಾತಿನ ಫೈಲ್ 150 ಕೆಬಿಯನ್ನು ಮೀರುವಂತಿಲ್ಲ. ನಾನು ಸಿದ್ಧಪಡಿಸಿದ 300×600 ಅಳತೆಯ ಮೊದಲ ಬ್ಯಾನರ್ ಈ ಕಾರಣಕ್ಕೇ ತಿರಸ್ಕೃತವಾಯಿತು. ಅದರಲ್ಲಿ ದೊಡ್ಡದೊಂದು ಛಾಯಾಚಿತ್ರವಿತ್ತು, ನಾನದನ್ನು 24 ಬಿಟ್ ಪಿಎನ್‌ಜಿ ಎಂಬ ಫೈಲ್ ರೂಪದಲ್ಲಿ ಉಳಿಸಿದ್ದೆ. 1,80,000 ಪಿಕ್ಸೆಲ್‌ಗಳಿಗೆ ತಲಾ 3 ಬೈಟ್‌ನಂತೆ ಲೆಕ್ಕ ಹಾಕಿದರೆ ಕುಗ್ಗಿಸುವ ಮೊದಲು 5,40,000 ಬೈಟ್ ಆಗುತ್ತದೆ. ಯಾವ ವಿವರವನ್ನೂ ಕೈಬಿಡದ ಪಿಎನ್‌ಜಿಗೆ ಕೂದಲು, ಎಲೆ, ಬಟ್ಟೆಯ ನೇಯ್ಗೆ ತುಂಬಿದ ಚಿತ್ರದಲ್ಲಿ ಉಳಿತಾಯಕ್ಕೆ ಹೆಚ್ಚಿನ ಅವಕಾಶವೇ ಸಿಗುವುದಿಲ್ಲ.

ಕೆಲವು ವಿವರಗಳನ್ನು ಕೈಬಿಟ್ಟು ಗಾತ್ರ ಇಳಿಸುವ ಜೆಪೆಗ್ ರೂಪಕ್ಕೆ ಬದಲಿಸಿ, ಗುಣಮಟ್ಟವನ್ನು 100ರಲ್ಲಿ 40ಕ್ಕೆ ಇಳಿಸಿದಾಗ ಗಾತ್ರವೇನೋ ಕಡಿಮೆಯಾಯಿತು, ಆದರೆ ಬಿಳಿ ಹಿನ್ನೆಲೆಯ ಮೇಲಿದ್ದ ಕೆಂಪು ಅಕ್ಷರಗಳ ಅಂಚು ಕದಡಿಹೋಯಿತು. ಜೆಪೆಗ್ ಸಾಮಾನ್ಯವಾಗಿ ಬೆಳಕಿನ ವಿವರವನ್ನು ಪೂರ್ಣವಾಗಿ ಇಟ್ಟುಕೊಂಡು, ಬಣ್ಣದ ವಿವರವನ್ನು ಅಗಲ ಮತ್ತು ಎತ್ತರಗಳೆರಡರಲ್ಲೂ ಅರ್ಧಕ್ಕೆ ಇಳಿಸುತ್ತದೆಂಬುದು ಆಗ ಅರ್ಥವಾಯಿತು. ಆ ಆಯ್ಕೆಯನ್ನು ಹೀಗೆ ಬಣ್ಣ ಇಳಿಸುವ 4:2:0ದಿಂದ, ಬಣ್ಣವನ್ನೂ ಪೂರ್ಣವಾಗಿ ಉಳಿಸುವ 4:4:4ಕ್ಕೆ ಬದಲಿಸಿದೊಡನೆ ಅಕ್ಷರಗಳು ಸ್ಪಷ್ಟವಾದವು, ಗಾತ್ರ ಮತ್ತೆ ಏರಿತು.

ಆ ಹೆಚ್ಚುವರಿ ಬೈಟ್‌ಗಳನ್ನು ನಾನು ಚಿತ್ರದೊಳಗಿನಿಂದಲೇ ಉಳಿಸಿದೆ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಒಡೆಯುತ್ತದೆ; ಚೌಕದೊಳಗೆ ಏರಿಳಿತ ಕಡಿಮೆಯಿದ್ದಷ್ಟೂ ಅದನ್ನು ದಾಖಲಿಸಲು ಬೇಕಾಗುವ ಬೈಟ್‌ಗಳು ಕಡಿಮೆ. ಹಾಗಾಗಿ ಕಡಿಮೆ ಬೆಳಕಿನಲ್ಲಿ ತೆಗೆದ ಚಿತ್ರದ ಮರಳಿನಂಥ ಕಣಗಳನ್ನು ತೆಗೆದುಹಾಕಿ, ಮುಖ್ಯ ವಸ್ತುವನ್ನು ಮುಟ್ಟದೆ ಹಿನ್ನೆಲೆಯನ್ನಷ್ಟೇ ತುಸು ಮಸುಕಾಗಿಸಿದೆ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಫಲ ಕೊಟ್ಟ ಹೆಜ್ಜೆ ಇದೇ. ಗುಣಮಟ್ಟವನ್ನು ಮತ್ತೆ 70ರ ಆಸುಪಾಸಿಗೆ ಏರಿಸಿದರೂ ಫೈಲ್ ಮಿತಿಯೊಳಗೇ ಉಳಿಯಿತು. ಗುಣಮಟ್ಟದ ಅಂಕಿಗೆ ಕೈಹಾಕುವ ಮೊದಲು ವಿನ್ಯಾಸವನ್ನೇ ನೋಡಬೇಕೆಂಬುದು ಅಂದಿನಿಂದ ನನ್ನ ಖಚಿತ ಅಭಿಪ್ರಾಯ.

ಲೋಗೊ ಮತ್ತು ಸಪಾಟು ಬಣ್ಣಗಳಷ್ಟೇ ಇರುವ ಬ್ಯಾನರ್‌ಗಳಿಗೆ ಗರಿಷ್ಠ 256 ಬಣ್ಣಗಳ 8 ಬಿಟ್ ಪಿಎನ್‌ಜಿ ಬಳಸುತ್ತೇನೆ. ಅಲ್ಲಿ ಡಿದರಿಂಗ್ ಅನ್ನು, ಅಂದರೆ ಇಲ್ಲದ ಬಣ್ಣದ ಭ್ರಮೆ ಹುಟ್ಟಿಸಲು ಇರುವ ಬಣ್ಣಗಳ ಚುಕ್ಕೆಗಳನ್ನು ಬೆರೆಸುವ ವಿಧಾನವನ್ನು, ನಿಲ್ಲಿಸುತ್ತೇನೆ, ಏಕೆಂದರೆ ಅದು ಚೆಲ್ಲುವ ಚುಕ್ಕೆಗಳು ಗಾತ್ರವನ್ನು ಹಿಗ್ಗಿಸುತ್ತವೆ.

ಕ್ಯಾಮೆರಾದ ಮಾಹಿತಿ, ಫೈಲ್‌ನೊಳಗೆ ಅಡಗಿರುವ ಕಿರುಚಿತ್ರ ಮುಂತಾದವನ್ನೂ ತೆಗೆಯುತ್ತೇನೆ. ಒಮ್ಮೆ ಅವುಗಳೊಂದಿಗೆ ಬಣ್ಣಗಳನ್ನು ಹೇಗೆ ತೋರಿಸಬೇಕೆಂದು ಪರದೆಗೆ ತಿಳಿಸುವ ಬಣ್ಣದ ಪ್ರೊಫೈಲ್ ಕೂಡ ಹೋಗಿ, ಗ್ರಾಹಕರ ಬ್ರ್ಯಾಂಡ್ ಬಣ್ಣ ಮಂಕಾಗಿ ಕಂಡಿತು. ಈಗ ಮೊದಲು ವೆಬ್‌ನಲ್ಲಿ ಸಾಮಾನ್ಯವಾಗಿ ಬಳಸುವ ಬಣ್ಣದ ಮಾನದಂಡವಾದ ಎಸ್‌ಆರ್‌ಜಿಬಿಗೆ ಪರಿವರ್ತಿಸಿ, ಬಳಿಕವೇ ಉಳಿದದ್ದನ್ನು ಅಳಿಸುತ್ತೇನೆ.

150 ಕೆಬಿ ಎಂಬುದು ಮಿತಿ ಮಾತ್ರ, ನನ್ನ ಗುರಿ 60 ಕೆಬಿ. ಸೆಕೆಂಡಿಗೆ 1 ಮೆಗಾಬಿಟ್ ವೇಗದ ಸಂಪರ್ಕದಲ್ಲಿ 150 ಕೆಬಿ ಬರಲು ಸುಮಾರು 1.2 ಸೆಕೆಂಡ್ ಬೇಕು, 60 ಕೆಬಿಗೆ ಅರ್ಧ ಸೆಕೆಂಡ್ ಸಾಕು. ಸಾಮಾನ್ಯ ಅಳತೆಯ ಬ್ಯಾನರನ್ನು ನೋಡಲ್ಪಟ್ಟದ್ದೆಂದು ಎಣಿಸಲು ಅದರ ಅರ್ಧದಷ್ಟು ಪಿಕ್ಸೆಲ್‌ಗಳು ಕನಿಷ್ಠ 1 ಸೆಕೆಂಡ್ ಪರದೆಯ ಮೇಲಿರಬೇಕು. ತಡವಾಗಿ ಬಂದ ಚಿತ್ರ ಮೂಡುವಷ್ಟರಲ್ಲಿ ಓದುಗರು ಪುಟ ಸರಿಸಿ ಮುಂದೆ ಹೋಗಿರುತ್ತಾರೆ. ಕೊನೆಯ ಪರಿಶೀಲನೆಯನ್ನು ನಾನು ಫೋನ್ ಪರದೆಯಲ್ಲಿ, ಬ್ಯಾನರಿನ ನಿಜ ಅಳತೆಯಲ್ಲೇ ಮಾಡುತ್ತೇನೆ. ಹಿಗ್ಗಿಸಿ ನೋಡಿದಾಗ ಕಾಡುವ ಎಷ್ಟೋ ದೋಷಗಳು ಅಲ್ಲಿ ಕಾಣುವುದೇ ಇಲ್ಲ.