ಜಗ್ಗುವುದು ಬಿಡಿ, ಬಿಗಿ ಹಿಡಿದು ನೋಡಿ

ದಾವಣಗೆರೆಯ ಕುಂದುವಾಡ ಕೆರೆ ಏರಿಯ ಮೇಲೆ ಬೆಳಿಗ್ಗೆ ಹೋದರೆ ಒಂದು ನೋಟ ಗ್ಯಾರಂಟಿ. ವಾಕಿಂಗ್ ಮುಗಿಸಿದವರು ಒಂದು ಕಾಲು ಮೇಲೆ ಇಟ್ಟುಕೊಂಡು, ಬೆರಳು ಮುಟ್ಟಲು ಬಾಗಿ ಬಾಗಿ ಜಗ್ಗುತ್ತಿರುತ್ತಾರೆ. 'ಸೊಂಟ ಹಿಡ್ಕೊಂಡಿದೆ ರೀ, ಸ್ವಲ್ಪ ಬಿಡಿಸ್ತಿದ್ದೀನಿ' ಅನ್ನುತ್ತಾರೆ. ಜಗ್ಗಿದಾಗ ಹಾಯೆನಿಸುವುದು ಸುಳ್ಳಲ್ಲ. ಆದರೆ ಮನೆಗೆ ಬಂದು ಎರಡು ಬೆಣ್ಣೆ ದೋಸೆ ಮುಗಿಸುವಷ್ಟರಲ್ಲಿ ಸೊಂಟದ್ದು ಮತ್ತೆ ಅದೇ ರಾಗ. ವರ್ಷಗಟ್ಟಲೆ ಹೀಗೆ ಜಗ್ಗುತ್ತಲೇ ಇರುವವರೂ ಇದ್ದಾರೆ.

ಬಿಗಿ ಅನ್ನಿಸುವ ಸ್ನಾಯು ಗಿಡ್ಡವಾಗಿರಲೇಬೇಕು ಅಂತೇನಿಲ್ಲ. ಎಷ್ಟೋ ಸಲ ಅದು ಸೋತಿರುತ್ತದೆ. ಮಂಡಿಪೇಟೆಯ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ದಿನವಿಡೀ ಕೂತವರ ಪಿರ್ರೆಯ ಸ್ನಾಯುಗಳಿಗೆ ಕೆಲಸವೇ ಇರುವುದಿಲ್ಲ. ಎದ್ದು ನಡೆಯುವಾಗ, ಬಗ್ಗಿ ಮೂಟೆ ಎತ್ತುವಾಗಲೂ ಅವು ಸರಿಯಾಗಿ ಕೈಜೋಡಿಸುವುದಿಲ್ಲ. ಅಂಗಡಿಯಲ್ಲಿ ಒಬ್ಬ ರಜೆ ಹಾಕಿದರೆ ಇನ್ನೊಬ್ಬ ಎರಡು ಆಳಿನ ಕೆಲಸ ಮಾಡುವ ಹಾಗೆ, ಸೊಂಟದ ಮತ್ತು ತೊಡೆ ಹಿಂಭಾಗದ ಸ್ನಾಯುಗಳು ಆ ಭಾರವನ್ನೂ ಹೊರುತ್ತವೆ. ದಣಿದ ಸ್ನಾಯುವನ್ನು ಕಾಪಾಡಲು ನರಗಳು ಅದನ್ನು ಹಿಡಿದು ನಿಲ್ಲಿಸುತ್ತವೆ. ನಮಗೆ ಬಿಗಿತ ಅನ್ನಿಸುವುದು ಅದೇ. ಕೆಲವು ವಾರ ಜಗ್ಗಿದ ಮೇಲೆ ಜಾಸ್ತಿ ಬಾಗಲು ಬರುತ್ತದಲ್ವಾ? ಅದರಲ್ಲಿ ಸ್ನಾಯು ಉದ್ದವಾಗಿದ್ದು ಕಡಿಮೆ, ಎಳೆತ ತಡೆದುಕೊಳ್ಳುವುದು ರೂಢಿಯಾಗಿದ್ದು ಜಾಸ್ತಿ. ಬಲ ಇದ್ದಲ್ಲೇ ಇರುತ್ತದೆ.

ಕೆಲವರಿಗಂತೂ ಜಗ್ಗುವುದೇ ಕೆಡುಕು. ತೊಡೆ ಹಿಂದಿನ ಮೂರು ಸ್ನಾಯುಗಳು, ಅಂದರೆ ಹ್ಯಾಮ್‌ಸ್ಟ್ರಿಂಗ್, ಮೇಲ್ಗಡೆ ನಾವು ಕೂರುವ ಮೂಳೆಗೆ ಅಂಟಿಕೊಂಡಿವೆ. ಪೂರ್ತಿ ಮುಂದಕ್ಕೆ ಬಾಗಿದಾಗ ಅವುಗಳ ತುದಿ ಆ ಮೂಳೆಗೆ ಒತ್ತಿಕೊಳ್ಳುತ್ತದೆ. ಗಟ್ಟಿ ನೆಲದ ಮೇಲೆ ಕೂತರೆ ಪಿರ್ರೆಯ ಬುಡದಲ್ಲಿ ಚುಚ್ಚುವ ನೋವಿರುವವರು, ಕಾಲು ಚಾಚಿ ಕೂತು ಮುಂದಕ್ಕೆ ಬಾಗುವ ಪಶ್ಚಿಮೋತ್ತಾನಾಸನದಲ್ಲಿ ಇನ್ನೂ ಆಳಕ್ಕೆ ಹೋಗಲು ನೋಡಿದರೆ ನೋವು ಹೆಚ್ಚುವುದೇ ಸೈ. ದಿನಾ ಆಸನ ಮಾಡುವವರಲ್ಲೇ ಈ ನೋವು ಕಾಣಿಸಿಕೊಳ್ಳುವುದುಂಟು.

ಹಾಗಾದರೆ ದಾರಿ? ಜಗ್ಗುವ ಬದಲು ಸ್ನಾಯುವನ್ನು ಬಿಗಿ ಹಿಡಿದು, ಅದಕ್ಕೆ ಬಲ ಬರುವಂತೆ ಆಸನ ಮಾಡುವುದು. ಇದು ಹೊಸ ಫ್ಯಾಷನ್ ಅಂದುಕೊಳ್ಳಬೇಡಿ. ಈಗಿನ ಆಸನಗಳ ಕಲಿಕೆಗೆ ದಾರಿ ಹಾಕಿಕೊಟ್ಟ ತಿರುಮಲೈ ಕೃಷ್ಣಮಾಚಾರ್ಯರು ಹುಟ್ಟಿದ್ದು 1888ರಲ್ಲಿ, ನಮ್ಮ ಪಕ್ಕದ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದಲ್ಲಿ. ಅವರ ಶಿಷ್ಯ ಬಿ.ಕೆ.ಎಸ್. ಅಯ್ಯಂಗಾರರ ಪದ್ಧತಿಯಲ್ಲಿ ತಾಡಾಸನಕ್ಕೆ ನಿಂತರೂ 'ಮಂಡಿಚಿಪ್ಪು ಮೇಲಕ್ಕೆಳೆಯಿರಿ' ಅನ್ನುತ್ತಾರೆ. ತೊಡೆಯ ಮುಂಭಾಗ ಬಿಗಿಯಾಗದೆ ಚಿಪ್ಪು ಮೇಲೇರುವುದಿಲ್ಲ. ಇನ್ನೊಂದು ಗುಟ್ಟೂ ಇಲ್ಲಿದೆ: ತೊಡೆಯ ಮುಂಭಾಗ ಬಿಗಿಯಾದಾಗ ಹಿಂಭಾಗಕ್ಕೆ ಸಡಿಲವಾಗು ಅಂತ ನರಗಳೇ ಸೂಚನೆ ಕೊಡುತ್ತವೆ. ಎದುರುಬದುರು ಸ್ನಾಯುಗಳ ಈ ಹೊಂದಾಣಿಕೆಯನ್ನು ತೋರಿಸಿಕೊಟ್ಟ ವಿಜ್ಞಾನಿ ಚಾರ್ಲ್ಸ್ ಶೆರಿಂಗ್ಟನ್. ನರಗಳ ಮೇಲಿನ ಕೆಲಸಕ್ಕೆ 1932ರಲ್ಲಿ ಅವರಿಗೆ ನೊಬೆಲ್ ಬಂತು.

ಮೊದಲು ಒಂದು ಪರೀಕ್ಷೆ

ಬೆನ್ನ ಮೇಲೆ ಮಲಗಿ. ಒಂದು ಕಾಲನ್ನು ಮಂಡಿ ಬಗ್ಗಿಸದೆ, ಕೈ ಸಹಾಯವಿಲ್ಲದೆ ಎಷ್ಟಾಗುತ್ತೋ ಅಷ್ಟು ಮೇಲೆತ್ತಿ. ಇಳಿಸಿ. ಈಗ ಪಾದಕ್ಕೆ ಟವೆಲ್ ಹಾಕಿ ಅದೇ ಕಾಲನ್ನು ಮೆಲ್ಲಗೆ ಎಳೆದು ನೋಡಿ. ಟವೆಲ್‌ನಿಂದ ಎಳೆದಾಗ ಕಾಲು ತುಂಬಾ ಮೇಲೆ ಬಂತಾ? ಹಾಗಾದರೆ ಉದ್ದಕ್ಕೆ ಕೊರತೆ ಇಲ್ಲ, ಕೊರತೆ ಇರುವುದು ಬಲಕ್ಕೆ. ಇನ್ನೂ ಜಗ್ಗಿ ಸಾಧಿಸುವುದು ಏನೂ ಇಲ್ಲ. ಎರಡೂ ಸಲ ಹೆಚ್ಚುಕಡಿಮೆ ಒಂದೇ ಕಡೆ ನಿಂತರೂ ಚಿಂತೆಯಿಲ್ಲ, ಕೆಳಗಿನ ಕ್ರಮ ಇಬ್ಬರಿಗೂ ನಡೆಯುತ್ತದೆ.

ಬೇಕಾದದ್ದು ಒಂದು ಜಮಖಾನ, ಟವೆಲ್, ಅಲುಗಾಡದ ಕುರ್ಚಿ. ಎಲ್ಲ ಆಸನಕ್ಕೂ ಒಂದೇ ನಿಯಮ: ಪೂರ್ತಿ ಬಲ ಹಾಕಬೇಡಿ, ಅರ್ಧ ಸಾಕು. ಮಾತಾಡುತ್ತಾ ಮಾಡಲು ಬರಬೇಕು, ಅಷ್ಟು. ಉಸಿರು ಕಟ್ಟಲೇಬಾರದು.

ನಿಂತು ಶುರು ಮಾಡಿ

ತಾಡಾಸನ. ಪಾದಗಳ ನಡುವೆ ಒಂದು ಗೇಣು ಜಾಗ. ಮಂಡಿಚಿಪ್ಪು ಮೇಲಕ್ಕೆ. ಈಗ ಜಮಖಾನವನ್ನು ಎರಡು ಪಾದಗಳಿಂದ ಅತ್ತ ಇತ್ತ ಹರಿಯುವವರ ಹಾಗೆ ಹೊರಕ್ಕೆ ಬಲ ಹಾಕಿ. ಪಾದ ಮಾತ್ರ ಸರಿಯಬಾರದು. ಸೊಂಟದ ಪಕ್ಕದಲ್ಲಿ, ಪ್ಯಾಂಟಿನ ಜೇಬು ಬರುವ ಕಡೆ, ಬೆರಳಿಟ್ಟರೆ ಗಟ್ಟಿಯಾಗಿದ್ದು ಗೊತ್ತಾಗುತ್ತದೆ. ಐದು ಉಸಿರು. ಮೂರು ಸಲ. ಇಷ್ಟನ್ನು ಗ್ಯಾಸ್ ಒಲೆಯ ಮುಂದೆ ಹಾಲು ಕಾಯುವ ಹೊತ್ತಿನಲ್ಲೂ ಮಾಡಬಹುದು.

ಆಮೇಲೆ ಉತ್ಕಟಾಸನ. ಹಿಂದೆ ಕುರ್ಚಿ ಇರಲಿ. ಕೂರಲು ಹೋಗಿ, ಪಿರ್ರೆ ಕುರ್ಚಿಗೆ ತಾಗುವ ಮುಂಚೆ ನಿಲ್ಲಿ. ಮೂರು ಉಸಿರು. ಹಿಮ್ಮಡಿ ಒತ್ತಿ ಎದ್ದೇಳಿ. ಮಂಡಿ ನೋವಿದ್ದರೆ ಅರ್ಧಕ್ಕೇ ನಿಲ್ಲಿಸಿ.

ಸೇತುಬಂಧ: ಇದಕ್ಕೆ ಸಮಯ ಕೊಡಿ

ಸೊಂಟನೋವಿನವರು ಒಂದೇ ಆಸನ ಮಾಡುತ್ತೇನೆ ಅಂದರೆ ನಾನು ಹೇಳುವುದು ಇದನ್ನೇ. ಬೆನ್ನ ಮೇಲೆ ಮಲಗಿ ಮಂಡಿ ಮಡಚಿ. ಬಹಳ ಜನ ತಕ್ಷಣ ಸೊಂಟ ಎತ್ತಿಬಿಡುತ್ತಾರೆ. ಬೇಡ. ಎತ್ತುವ ಮೊದಲೇ ಕೆಲಸ ಶುರುವಾಗಬೇಕು. ಹಿಮ್ಮಡಿಗಳನ್ನು ನೆಲಕ್ಕೆ ಒತ್ತಿ. ಒತ್ತಿಕೊಂಡೇ ಅವನ್ನು ಪಿರ್ರೆಯ ಕಡೆಗೆ ಎಳೆದುಕೊಳ್ಳುವ ಹಾಗೆ ಬಲ ಹಾಕಿ. ಪಾದದ ಕೆಳಗಿನ ಜಮಖಾನ ಸ್ವಲ್ಪ ಸುಕ್ಕುಗಟ್ಟಿದರೆ ಸರಿಯಾಗಿ ನಡೆಯುತ್ತಿದೆ. ತೊಡೆಯ ಹಿಂಭಾಗ ಮುಟ್ಟಿ ನೋಡಿ, ಕಲ್ಲಿನಂತಲ್ಲದಿದ್ದರೂ ಗಟ್ಟಿಯಾಗಿರಬೇಕು. ಆಮೇಲೆ ಪಿರ್ರೆ ಬಿಗಿ ಮಾಡಿ, ಉಸಿರು ಬಿಡುತ್ತಾ ಸೊಂಟವನ್ನು ಒಂದು ಗೇಣು ಎತ್ತಿ. ಐದು ಉಸಿರು ನಿಲ್ಲಿ. ಇಳಿಯುವಾಗ ದಪ್ಪೆಂದು ಬೀಳಬೇಡಿ, ನಿಧಾನ.

ಮೊದಲ ದಿನಗಳಲ್ಲಿ ತೊಡೆಯ ಹಿಂದೆ ಸೆಡೆತ ಬರಬಹುದು. ಪಿರ್ರೆ ಇನ್ನೂ ಕೆಲಸಕ್ಕೆ ಇಳಿದಿಲ್ಲ, ಎಲ್ಲ ಭಾರ ತೊಡೆಯ ಮೇಲೇ ಬಿದ್ದಿದೆ ಅಂತ ಅದರರ್ಥ. ಸೊಂಟ ಇಳಿಸಿ, ಹಿಮ್ಮಡಿಗಳನ್ನು ಸ್ವಲ್ಪ ಹತ್ತಿರ ತಂದು, ಮೊದಲು ಪಿರ್ರೆ ಬಿಗಿ ಮಾಡಿ ಮತ್ತೆ ನೋಡಿ. ಸೊಂಟದಲ್ಲೇ ಚಿವುಟಿದಂತಾದರೆ ಎತ್ತರ ಜಾಸ್ತಿಯಾಗಿದೆ. ಐದು ಸಲ ಸಲೀಸಾಗಿ ಬಂದ ಮೇಲೆ ಹಿಮ್ಮಡಿಗಳನ್ನು ನಾಲ್ಕು ಬೆರಳು ದೂರ ಇಟ್ಟು ಮಾಡಿ. ನೋಡಲು ಏನೂ ಬದಲಾಗಿರುವುದಿಲ್ಲ, ಬೆವರು ಮಾತ್ರ ಬರುತ್ತದೆ.

ಬೋರಲು ಮಲಗಿ ಶಲಭಾಸನ. ಕಿಬ್ಬೊಟ್ಟೆ ಕೆಳಗೆ ಮಡಚಿದ ಟವೆಲ್, ಹಣೆ ನೆಲಕ್ಕೆ. ಕಾಲುಗಳನ್ನು ಮೊದಲು ಹಿಂದಕ್ಕೆ ನೀಳ ಚಾಚಿ, ಆಮೇಲೆ ಮಂಡಿ ನೆಲ ಬಿಡುವಷ್ಟು ಎತ್ತಿ. ಫೋಟೊದಲ್ಲಿ ಕಾಣುವ ಎತ್ತರ ನಮಗೆ ಬೇಡ. ಮೂರು ಉಸಿರು, ನಾಲ್ಕು ಸಲ. ಭುಜಂಗಾಸನವನ್ನೂ ಹೀಗೇ ಮಾಡಿ: ಅಂಗೈ ನೆಲದಿಂದ ಬಿಡಿಸಿ, ಬೆನ್ನಿನ ಬಲದಿಂದ ಎಷ್ಟು ಎದೆ ಏಳುತ್ತದೋ ಅಷ್ಟೇ ನಿಮ್ಮ ಭುಜಂಗಾಸನ. ಕೈ ಒತ್ತಿ ಏಳುವ ಎತ್ತರ ಲೆಕ್ಕಕ್ಕಿಲ್ಲ.

ಟವೆಲ್ ಮತ್ತೆ

ಸುಪ್ತ ಪಾದಾಂಗುಷ್ಠಾಸನಕ್ಕೆ ಬೆನ್ನ ಮೇಲೆ ಮಲಗಿ ಪಾದಕ್ಕೆ ಟವೆಲ್ ಹಾಕಿ. ಕಾಲನ್ನು ಮೊದಲ ಬಿಗಿತ ಸಿಗುವ ತನಕ ಎತ್ತಿ ನಿಲ್ಲಿಸಿ. ಇಲ್ಲಿ ಎಲ್ಲರೂ ಟವೆಲ್ ಎಳೆಯುತ್ತಾರೆ. ನೀವು ಉಲ್ಟಾ ಮಾಡಿ. ಕಾಲನ್ನು ಕೆಳಗಿಳಿಸಲು ನೋಡಿ, ಟವೆಲ್ ಇಳಿಯಲು ಬಿಡದಿರಲಿ. ಐದು ಸೆಕೆಂಡ್ ಒತ್ತಿ ಬಿಡಿ. ತಕ್ಷಣ ಮಂಡಿಚಿಪ್ಪು ಎಳೆದು, ತೊಡೆಯ ಮುಂಭಾಗದ ಬಲದಿಂದಲೇ ಕಾಲನ್ನು ಮೇಲೆತ್ತಿ. ಹೋದ ಸಲಕ್ಕಿಂತ ಎರಡು ಬೆರಳು ಮೇಲೆ ಬಂದಿರುವುದು ಹಲವರಿಗೆ ಅಲ್ಲೇ ಕಾಣಿಸುತ್ತದೆ. ಒಂದೊಂದು ಕಾಲಿಗೆ ನಾಲ್ಕು ಸಲ. ಪಿರ್ರೆಯ ಬುಡದಲ್ಲಿ ನೋವಿರುವವರು ಕಾಲನ್ನು ಅರ್ಧಕ್ಕಿಂತ ಮೇಲೆ ಒಯ್ಯಬೇಡಿ.

ಪಶ್ಚಿಮೋತ್ತಾನಾಸನ ಸದ್ಯಕ್ಕೆ ಬಿಡಿ. ಬದಲಿಗೆ ಅಡುಗೆ ಕಟ್ಟೆಯ ಮೇಲೆ ಅಂಗೈ ಇಟ್ಟು ಹಿಂದಕ್ಕೆ ಹೆಜ್ಜೆ ಹಾಕಿ, ಮಂಡಿ ಕೊಂಚ ಸಡಿಲವಿಟ್ಟು, ಬೆನ್ನು ನೇರ ಇರುವಷ್ಟೇ ಬಾಗಿ. ಅಂಗೈಯಿಂದ ಕಟ್ಟೆಯನ್ನು ಕೆಳಕ್ಕೆ ಒತ್ತಿ. ಬೆನ್ನು ಗೂನಾಗುವ ಮೊದಲೇ ನಿಲ್ಲಿಸಿ.

ಕತ್ತಿನದ್ದು ಇನ್ನೂ ಸುಲಭ. ಹೊಲಿಗೆ ಯಂತ್ರದ ಮುಂದೆ ಕೂರುವವರು, ಮೊಬೈಲಿಗೆ ತಲೆ ಬಗ್ಗಿಸಿದವರು ಹಣೆಗೆ ಅಂಗೈ ಇಟ್ಟು ತಲೆ ಅಲುಗಿಸದೆ ಒತ್ತಿ. ಹೀಗೇ ತಲೆಯ ಹಿಂದೆ, ಎಡಕ್ಕೆ, ಬಲಕ್ಕೆ. ಐದೈದು ಸೆಕೆಂಡ್. ಕತ್ತು ಗರಗರ ತಿರುಗಿಸುವುದು ಬೇಡ.

ಎಲ್ಲ ಸೇರಿ ಇಪ್ಪತ್ತು ನಿಮಿಷ. ನಿಂತು ಮಾಡುವುದನ್ನು ದಿನಾ ಮಾಡಬಹುದು, ಮಲಗಿ ಮಾಡುವುದು ದಿನ ಬಿಟ್ಟು ದಿನ ಸಾಕು. ಸ್ನಾಯು ಗಟ್ಟಿಯಾಗಲು ಬಿಡುವೂ ಬೇಕು. ನಾಲ್ಕು ದಿನಕ್ಕೆ ಫಲ ಕೇಳಬೇಡಿ, ಒಂದೆರಡು ತಿಂಗಳು ಬೇಕಾಗುತ್ತದೆ.

ಯಾವ ನೋವು ಸರಿ, ಯಾವುದು ಅಲ್ಲ?

ಚಿತ್ರದುರ್ಗದ ಕೋಟೆ ಹತ್ತಿ ಇಳಿದ ಮರುದಿನ ತೊಡೆ ಪದ ಹೇಳುತ್ತದಲ್ಲ, ಅದು ಕೆಲಸದ ನೋವು. ಅದರಲ್ಲೂ ಹತ್ತುವುದಕ್ಕಿಂತ ಇಳಿಯುವುದೇ ಹೆಚ್ಚು ನೋಯಿಸುತ್ತದೆ. ಸ್ನಾಯು ಆಗ ಉದ್ದವಾಗುತ್ತಲೇ ಭಾರ ತಡೆಯಬೇಕು. ಈ ನೋವು ಒಂದೆರಡು ದಿನ ಇದ್ದು ಹೋಗುತ್ತದೆ, ಹೆದರಬೇಡಿ. ಮಾಡುವಾಗ ಆಗುವ ನೋವಿಗೆ ಹತ್ತರಲ್ಲಿ ಮೂರು ಅಂಕದವರೆಗೆ ಕೊಡುವಂತಿದ್ದು, ಮರುದಿನ ಬೆಳಿಗ್ಗೆ ಮೊದಲಿನಂತಾದರೆ ಮುಂದುವರಿಸಿ. ಬೆಳಿಗ್ಗೆ ಹೆಚ್ಚಾಗಿದ್ದರೆ ಸಲಗಳನ್ನು ಅರ್ಧ ಮಾಡಿ.

ಮಂಡಿಯ ಕೆಳಗೆ ಕರೆಂಟ್ ಹೊಡೆದಂತೆ ಇಳಿಯುವ ನೋವು, ಪಾದ ಜೋಮು, ಬಿದ್ದ ಮೇಲೆ ಶುರುವಾದ ನೋವು, ನೋವಿನ ಜೊತೆ ಜ್ವರ ಇದ್ದರೆ ಮೊದಲು ಡಾಕ್ಟರು, ಆಮೇಲೆ ಆಸನ. ಮೂತ್ರದ ಹಿಡಿತ ತಪ್ಪಿದ್ದರೆ ಅಥವಾ ಕೂರುವ ಜಾಗ ಮರಗಟ್ಟಿದ್ದರೆ ಅವತ್ತೇ ಆಸ್ಪತ್ರೆಗೆ ಹೋಗಬೇಕು. ಬಿಪಿ ಇರುವವರು ಹೆಚ್ಚು ಹೊತ್ತು ಬಿಗಿ ಹಿಡಿದು ನಿಲ್ಲಬಾರದು. ಗರ್ಭಿಣಿಯರಿಗೆ ಬೋರಲು ಮಲಗುವ ಆಸನ ಬೇಡ. ಮೂಳೆ ಟೊಳ್ಳಾಗಿದೆ (ಆಸ್ಟಿಯೊಪೊರೋಸಿಸ್) ಅಂತ ಹೇಳಿಸಿಕೊಂಡವರು ಬೆನ್ನು ಗೂನು ಮಾಡಿ ಬಾಗುವುದನ್ನು ಕೈಬಿಡಿ.

ಯೋಗ ಕ್ಲಾಸಿಗೆ ಹೋಗುವವರು ಮೇಷ್ಟ್ರಿಗೆ ಮೊದಲೇ ಹೇಳಿಡಿ: 'ಸಾರ್, ಬಾಗಿದಾಗ ಬೆನ್ನ ಮೇಲೆ ಕೈಯಿಟ್ಟು ಒತ್ತಬೇಡಿ.'