ಎಂಟು ಫೈಟರ್‌ಗಳ ಟೂರ್ನಿ ನಡೆಸುವುದು ಹೇಗೆ? ಮೊದಲು ಒಂಬತ್ತನೆಯವನನ್ನು ಹುಡುಕಿ

ಆನ್‌ಲೈನ್ ಎಂಎಂಎ (ಗುದ್ದು, ಒದೆ, ಕುಸ್ತಿ ಎಲ್ಲ ಬೆರೆತ ಕಾದಾಟ) ಮ್ಯಾನೇಜರ್ ಆಟಗಳಲ್ಲಿ ನಾನು ಕಂಡ ಟೂರ್ನಿಗಳಲ್ಲಿ ಫೈನಲ್ ಮುಟ್ಟಿದ್ದಕ್ಕಿಂತ ಸೆಮಿಫೈನಲ್ ಹೊತ್ತಿಗೆ ಉಸಿರು ಬಿಟ್ಟಿದ್ದೇ ಜಾಸ್ತಿ. ಶುರುವಿನಲ್ಲಿ ದೊಡ್ಡ ಪೋಸ್ಟರ್, ಬಣ್ಣ ಬಣ್ಣದ ಪಟ್ಟಿ, ಎಲ್ಲ ಇರುತ್ತದೆ. ಮೊದಲ ಹಂತ ಜೋರಾಗಿ ಮುಗಿಯುತ್ತದೆ. ಆಮೇಲೆ ಒಬ್ಬನಿಗೆ ಗಾಯ, ಇನ್ನೊಬ್ಬನ ಮ್ಯಾನೇಜರ್ ನಾಪತ್ತೆ. ಮೂರು ವಾರ ಕಳೆದರೂ ಸುದ್ದಿಯಿಲ್ಲ. ನನ್ನ ಮೊದಲ ಟೂರ್ನಿಯೂ ಹೀಗೇ ಸತ್ತಿತು. ಫೈನಲ್‌ಗೆ ಬಂದ ಇಬ್ಬರಲ್ಲಿ ಒಬ್ಬರಿಗೆ ಪರೀಕ್ಷೆ ಶುರುವಾಗಿತ್ತು, ನನ್ನ ಹತ್ತಿರ ಬದಲಿ ಇರಲಿಲ್ಲ.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಎಂಎಂಎ ಟೈಕೂನ್ ಥರದ ಆಟ ಬ್ರೌಸರ್‌ನಲ್ಲೇ ನಡೆಯುತ್ತದೆ. ಇಲ್ಲಿ ನೀವು ಫೈಟರ್ ಅಲ್ಲ, ಅವನ ಮ್ಯಾನೇಜರ್. ಗುಂಡಿ ಒತ್ತಿ ಗುದ್ದುವ ಆಟ ಇದಲ್ಲ. ಅವನಿಗೆ ತರಬೇತಿ ಕೊಡಿಸುತ್ತೀರಿ, ನಿಂತು ಹೊಡೆಯಬೇಕೋ ನೆಲಕ್ಕೆ ಕೆಡವಬೇಕೋ ಅಂತ ತಂತ್ರ ಹೊಂದಿಸುತ್ತೀರಿ, ಆಮೇಲೆ ಕಂಪ್ಯೂಟರ್ ಕಾದಾಟ ನಡೆಸಿ ಸಾಲು ಸಾಲಾಗಿ ಬರಹದ ಕಾಮೆಂಟರಿ ಕೊಡುತ್ತದೆ. ನಿಮ್ಮದೇ ಫೈಟ್ ಸಂಸ್ಥೆಯನ್ನೂ ನಡೆಸಬಹುದು. ಎದುರಿನ ಮ್ಯಾನೇಜರ್‌ಗಳೆಲ್ಲ ನಿಜವಾದ ಮನುಷ್ಯರು. ಟೂರ್ನಿಯ ಮಜಾ, ಗೋಳು ಎರಡೂ ಅಲ್ಲಿಂದಲೇ ಬರುವುದು.

ಹೆಜ್ಜೆ 1: ಎಂಟು ಜನ ಸಾಕು

ಸೋತವನು ಹೊರಗೆ ಅನ್ನುವ ಟೂರ್ನಿಯಲ್ಲಿ ಎಷ್ಟು ಜನ ಇದ್ದಾರೋ ಅದಕ್ಕಿಂತ ಒಂದು ಕಮ್ಮಿ ಕಾದಾಟ. ಎಂಟು ಜನಕ್ಕೆ 7, ಹದಿನಾರಕ್ಕೆ 15. ಹದಿನಾರು ಅಂದರೆ ನಾಲ್ಕು ಹಂತ, ಎರಡು ತಿಂಗಳ ಕೆಲಸ. ಮೊದಲ ಸಲಕ್ಕೆ ಬೇಡವೇ ಬೇಡ. ಹನ್ನೊಂದು ಜನ ಹೆಸರು ಕೊಟ್ಟರು ಅಂತ ಹದಿನಾರರ ಪಟ್ಟಿಗೆ ಕೈ ಹಾಕಿದರೆ ಐದು ಜನ ಆಡದೇ ಮುಂದೆ ಹೋಗುತ್ತಾರೆ. ಅದರ ಬದಲು ಎಂಟು ಜನರನ್ನು ಆರಿಸಿ, ಮಿಕ್ಕ ಮೂವರನ್ನು ಕೈಬಿಡದೆ ಇಟ್ಟುಕೊಳ್ಳಿ. ಅವರೇ ನಿಮ್ಮ ಚಿನ್ನ. ಯಾಕೆ ಅಂತ ಆರನೇ ಹೆಜ್ಜೆಯಲ್ಲಿ ಹೇಳುತ್ತೇನೆ.

ಹೆಜ್ಜೆ 2: ಸಮ ಸಮ ಇರಲಿ

ತೂಕದ ವರ್ಗ ಒಂದೇ ಇರಬೇಕು, ಇದು ಎಲ್ಲರಿಗೂ ಗೊತ್ತು. 155 ಪೌಂಡ್ ಅಂದರೆ 155, ಸುಮಾರು 70 ಕೆಜಿ. ಜನ ಮರೆಯುವುದು ವಯಸ್ಸನ್ನು, ಅಂದರೆ ಆಟದೊಳಗಿನ ವಯಸ್ಸನ್ನು. ಫೈಟರ್ ದಿನಾ ತರಬೇತಿ ಮಾಡುತ್ತಾ ಬಲಿಯುತ್ತಾನೆ. ಮೊನ್ನೆ ಹುಟ್ಟಿದವನನ್ನು ಆರು ತಿಂಗಳು ಜಿಮ್‌ನಲ್ಲಿ ಬೆವರು ಹರಿಸಿದವನ ಮುಂದೆ ನಿಲ್ಲಿಸಿದರೆ ಅದು ಕಾದಾಟ ಅಲ್ಲ, ಕೋಳಿ ಕೊಯ್ಯುವುದು. ಟೈಕೂನ್‌ನಲ್ಲಿ ಪ್ರತಿ ಫೈಟರ್‌ಗೂ ಏರುತ್ತಾ ಹೋಗುವ ಒಂದು ಐಡಿ ಸಂಖ್ಯೆ ಇರುತ್ತದೆ. ‘ಇಂಥ ಸಂಖ್ಯೆಯಿಂದ ಮೇಲಿನವರಿಗೆ ಮಾತ್ರ’ ಅಂತ ಒಂದು ಗೆರೆ ಎಳೆದುಬಿಡಿ. ಗೆಲುವು–ಸೋಲಿನ ದಾಖಲೆ ನೋಡಿ ಆರಿಸಬೇಡಿ. ಬಡಪಾಯಿಗಳನ್ನು ಹುಡುಕಿ ಹುಡುಕಿ ಹೊಡೆದು 10–0 ಮಾಡಿಕೊಂಡವರು ಬೇಕಾದಷ್ಟಿದ್ದಾರೆ.

ಹೆಜ್ಜೆ 3: ಒಪ್ಪಂದ, ದುಡ್ಡು

ಮೂರು ಕಾದಾಟದ ಒಪ್ಪಂದ ಮಾಡಿಸಿ, ಒಂದರದ್ದಲ್ಲ. ಒಂದೇ ಕಾದಾಟಕ್ಕೆ ಸಹಿ ಹಾಕಿಸಿದರೆ ಗೆದ್ದವನು ಜಾಸ್ತಿ ದುಡ್ಡು ಕೊಡುವ ಇನ್ನೊಂದು ಸಂಸ್ಥೆಗೆ ಹಾರುತ್ತಾನೆ. ಕಣಕ್ಕಿಳಿದಿದ್ದಕ್ಕೆ ಕೊಡುವ ಮೊತ್ತ ಎಲ್ಲರಿಗೂ ಒಂದೇ ಇರಲಿ, ಗೆಲುವಿನ ಬೋನಸ್ ಹಂತದಿಂದ ಹಂತಕ್ಕೆ ದುಪ್ಪಟ್ಟಾಗಲಿ. ಹೆಸರಿಲ್ಲದ ಹುಡುಗರ ಮೊದಲ ಹಂತಕ್ಕೆ ಟಿಕೆಟ್ ಹೋಗುವುದಿಲ್ಲ. ಆ ನಷ್ಟವನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರಿ.

ಹೆಜ್ಜೆ 4: ಜೋಡಿ ಕಟ್ಟುವುದು

ಮೈಸೂರು ದಸರಾ ಕುಸ್ತಿ ನೋಡಿದವರಿಗೆ ಜೋಡಿ ಕಟ್ಟುವ ಕಷ್ಟ ಹೊಸದಲ್ಲ. ಇಲ್ಲಿ ಎರಡು ದಾರಿ. ಒಂದು, ಬಲದ ಮೇಲೆ ಒಂದರಿಂದ ಎಂಟರವರೆಗೆ ಸಾಲು ಹಚ್ಚಿ 1–8, 4–5, 3–6, 2–7 ಅಂತ ಕಟ್ಟುವುದು. ಇನ್ನೊಂದು, ಚೀಟಿ ಎತ್ತುವುದು. ನಾನು ಚೀಟಿ ಪಕ್ಷ. ಹೊಸಬರ ಟೂರ್ನಿಯಲ್ಲಿ ಯಾರು ಬಲಶಾಲಿ ಅಂತ ಸಾಲು ಹಚ್ಚಲು ಹೋದರೆ ಎಂಟು ಮ್ಯಾನೇಜರ್‌ಗಳಲ್ಲಿ ಏಳು ಜನ ಮುನಿಸಿಕೊಳ್ಳುತ್ತಾರೆ. ಸ್ಟೀಲ್ ಲೋಟಕ್ಕೆ ಚೀಟಿ ಹಾಕಿ, ಮೊಬೈಲ್‌ನಲ್ಲಿ ವಿಡಿಯೊ ಮಾಡುತ್ತಾ, ಮನೆಯ ಮಗುವಿನ ಕೈಯಲ್ಲಿ ಎತ್ತಿಸಿ. ಯಾರೂ ತಕರಾರು ತೆಗೆಯುವುದಿಲ್ಲ.

ಒಂದೇ ಮ್ಯಾನೇಜರ್‌ನ ಇಬ್ಬರು ಫೈಟರ್‌ಗಳನ್ನು ತೆಗೆದುಕೊಳ್ಳಬೇಡಿ. ತೆಗೆದುಕೊಳ್ಳಲೇಬೇಕಾದರೆ ಪಟ್ಟಿಯ ಎರಡು ತುದಿಯಲ್ಲಿ ಇಡಿ, ಫೈನಲ್ ತನಕ ಎದುರಾಗಬಾರದು. ಇಲ್ಲದಿದ್ದರೆ ಒಬ್ಬನ ತಂತ್ರವನ್ನು ಬೇಕಂತಲೇ ಕೆಡಿಸಿ ಇನ್ನೊಬ್ಬನನ್ನು ಗೆಲ್ಲಿಸುವ ಆಸೆ ಯಾರಿಗಾದರೂ ಬರುತ್ತದೆ.

ಇಲ್ಲೇ ಒಂದು ಎಚ್ಚರಿಕೆ. ಪಟ್ಟಿ ತಾನೇ ಬಿಡಿಸಿಕೊಡುವ ಪುಕ್ಕಟೆ ವೆಬ್‌ಸೈಟ್‌ಗಳಿವೆ. ಅಂಥದ್ದೊಂದನ್ನು ನಾನು ನಂಬಿ ಕೆಟ್ಟೆ. ನಡುವೆ ಒಬ್ಬನ ಹೆಸರು ಬದಲಿಸಿದ್ದೇ ತಡ, ಅದು ಇಡೀ ಪಟ್ಟಿಯನ್ನು ಮತ್ತೆ ಕಲಸಿಬಿಟ್ಟಿತು. ಮುಗಿದ ಫಲಿತಾಂಶಗಳೂ ಮಾಯ. ಆವತ್ತಿನಿಂದ ನನ್ನದು ಸಾದಾ ಸ್ಪ್ರೆಡ್‌ಶೀಟ್. ಅದರಲ್ಲೂ ಸಿಂಗಾರ ಬೇಡ. ಹಂತ, ಎಡದವನು, ಬಲದವನು, ದಿನ, ಫಲಿತಾಂಶ. ಐದೇ ಕಾಲಂ.

ಹೆಜ್ಜೆ 5: ದಿನ, ಗಂಟೆ

ಗಂಟೆಯನ್ನು ಆಟದ ಸರ್ವರ್ ಗಡಿಯಾರದಲ್ಲೇ ಹೇಳಿ. ನಮ್ಮೂರಿನಿಂದ ಆಡುವವರು ಎಡವುವುದು ಇಲ್ಲಿ. ಲಂಡನ್‌ನಲ್ಲಿ ಶನಿವಾರ ರಾತ್ರಿ 8 ಅಂದರೆ ಬೇಸಿಗೆಯಲ್ಲಿ ನಮಗೆ ಭಾನುವಾರ ನಸುಕಿನ 12.30, ಚಳಿಗಾಲದಲ್ಲಿ 1.30. ಲಂಡನ್‌ನವರು ಮಾರ್ಚ್‌ನ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ಅಕ್ಟೋಬರ್‌ನ ಕೊನೆಯ ಭಾನುವಾರ ಹಿಂದಕ್ಕೆ ತಿರುಗಿಸುತ್ತಾರೆ. ಅಮೆರಿಕದವರು ತಿರುಗಿಸುವುದು ಮಾರ್ಚ್‌ನ ಎರಡನೇ ಭಾನುವಾರ, ನವೆಂಬರ್‌ನ ಮೊದಲ ಭಾನುವಾರ. ನಡುವಿನ ದಿನಗಳಲ್ಲಿ ಎಲ್ಲರ ಲೆಕ್ಕವೂ ತಪ್ಪುತ್ತದೆ. ಆ ತಿಂಗಳುಗಳಲ್ಲಿ ಟೂರ್ನಿ ಇಟ್ಟುಕೊಂಡರೆ ಹಂತ ಹಂತಕ್ಕೂ ಗಂಟೆ ಮತ್ತೆ ಬರೆದು ಕಳಿಸಿ. ತಂತ್ರ ಬದಲಿಸಲು ಒಂದು ಗಂಟೆ ತಡವಾಗಿ ಬಂದ ಮ್ಯಾನೇಜರ್ ಬೈಯುವುದು ಗಡಿಯಾರವನ್ನಲ್ಲ, ನಿಮ್ಮನ್ನು.

ಹಂತದಿಂದ ಹಂತಕ್ಕೆ ಎರಡು ವಾರ ಬಿಡಿ. ‘ಒಂದೇ ವಾರದಲ್ಲಿ ಮುಗಿಸಿಬಿಡೋಣ ಸಾರ್’ ಅನ್ನುವವರು ಸಿಗುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. ನಿಜವಾದ ಕಣದಲ್ಲಿ ಬಿಡುವೇ ಕೊಡದೆ ಹೋದರೆ ಏನಾಗುತ್ತದೆ ಅನ್ನುವುದಕ್ಕೆ 2000ದ ಮೇ 1ರಂದು ಟೋಕಿಯೊ ಡೋಮ್‌ನಲ್ಲಿ ನಡೆದ, ಜಪಾನಿನ ಎಂಎಂಎ ಸಂಸ್ಥೆ ಪ್ರೈಡ್‌ನ ಗ್ರ್ಯಾಂಡ್ ಪ್ರಿ ಟೂರ್ನಿ ಸಾಕು. ಕಜುಶಿ ಸಕುರಾಬಾ ಕ್ವಾರ್ಟರ್‌ಫೈನಲ್‌ನಲ್ಲಿ ರಾಯ್ಸ್ ಗ್ರೇಸಿ ಜೊತೆ 15 ನಿಮಿಷದ ಆರು ರೌಂಡ್, ಒಟ್ಟು 90 ನಿಮಿಷ ಕಾದಾಡಿದರು. ಗೆದ್ದರು ನಿಜ. ಅದೇ ರಾತ್ರಿ ಸೆಮಿಫೈನಲ್‌ನಲ್ಲಿ ತಮಗಿಂತ ದಪ್ಪದ ಇಗೊರ್ ವೊವ್‌ಚಾಂಚಿನ್ ಎದುರು ಮತ್ತೆ ನಿಂತರು. ಮೊದಲ ರೌಂಡ್ ಮುಗಿದ ಮೇಲೆ ಅವರ ಕಡೆಯವರೇ ಸಾಕು ಅಂದರು. ನಿಮ್ಮ ಆಟದ ಫೈಟರ್‌ಗೂ ಗಾಯ, ಸುಸ್ತು ಎಲ್ಲ ಇದೆ. ಹಿಂದಿನ ಹಂತದಲ್ಲಿ ಯಾರು ಕಮ್ಮಿ ಏಟು ತಿಂದರು ಅನ್ನುವುದೇ ಗೆಲುವನ್ನು ತೀರ್ಮಾನಿಸಬಾರದು, ಅಲ್ವಾ?

ಹೆಜ್ಜೆ 6: ಖಾಲಿ ಜಾಗ ತುಂಬುವುದು

ಈಗ ಬಂತು ನೋಡಿ ಅಸಲಿ ಕೆಲಸ. ಇದನ್ನು ಚೀಟಿ ಎತ್ತುವ ಮೊದಲೇ ಬರೆದಿಡಬೇಕು. ಗಾಯ ಆದಮೇಲೆ ನಿಯಮ ಮಾಡಿದರೆ ಅದು ನ್ಯಾಯವೇ ಆಗಿದ್ದರೂ ಯಾರೂ ನಂಬುವುದಿಲ್ಲ. ಬದಲಿಗೆ ಬಂದವನು ನಿಮ್ಮ ಸ್ನೇಹಿತನ ಫೈಟರ್ ಆಗಿದ್ದರಂತೂ ಮುಗಿದೇ ಹೋಯಿತು.

ಎಂಟು ಜನಕ್ಕೆ ಇಬ್ಬರು ಮೀಸಲು ಫೈಟರ್‌ಗಳು ಬೇಕು. ಸುಮ್ನೆ ಹೆಸರಿಗೆ ಮಾತ್ರ ಅಲ್ಲ. ಅವರಿಗೂ ಒಪ್ಪಂದ, ಅವರಿಗೂ ದುಡ್ಡು. ಮೊದಲ ಹಂತದ ರಾತ್ರಿಯೇ ಅವರಿಬ್ಬರನ್ನೂ ಎದುರುಬದುರು ಕಾದಾಡಿಸಿ. ಗೆದ್ದವನು ಮೊದಲ ಮೀಸಲು. ಇದರಿಂದ ಎರಡು ಲಾಭ. ಮೀಸಲಿನವನೂ ಒಂದು ಕಾದಾಟ ಗೆದ್ದೇ ಒಳಗೆ ಬಂದ ಹಾಗಾಗುತ್ತದೆ. ಬೇರೆಯವರ ಹಾಗೆ ಅವನೂ ಏಟು ತಿಂದಿರುತ್ತಾನೆ.

ಈ ಎರಡನೆಯದು ಸಣ್ಣ ವಿಷಯ ಅಲ್ಲ. 1994ರ ಸೆಪ್ಟೆಂಬರ್‌ನ ಯುಎಫ್‌ಸಿ 3, ಅಂದರೆ ಅಮೆರಿಕದ ಎಂಎಂಎ ಸಂಸ್ಥೆ ಯುಎಫ್‌ಸಿಯ ಮೂರನೇ ಟೂರ್ನಿ, ನೆನಪಿಸಿಕೊಳ್ಳಿ. ಎಂಟು ಜನ, ಒಂದೇ ರಾತ್ರಿ. ರಾಯ್ಸ್ ಗ್ರೇಸಿ ಮೊದಲ ಕಾದಾಟ ಗೆದ್ದು ಸುಸ್ತಾಗಿ ಸೆಮಿಫೈನಲ್ ಬಿಟ್ಟುಕೊಟ್ಟರು. ಅಲ್ಲಿ ಅವರ ಎದುರಾಳಿಯಾಗಬೇಕಿದ್ದ ಹೆರಾಲ್ಡ್ ಹೊವಾರ್ಡ್ ಆಡದೇ ಫೈನಲ್‌ಗೆ ಹೋದರು. ಇನ್ನೊಂದು ಕಡೆಯಿಂದ ಗೆದ್ದು ಬಂದಿದ್ದ ಕೆನ್ ಶಾಮ್ರಾಕ್ ಫೈನಲ್‌ಗೆ ಮೊದಲು ಹಿಂದೆ ಸರಿದರು. ಆಗ ಒಳಗೆ ಬಂದಿದ್ದು ಮೀಸಲು ಫೈಟರ್ ಸ್ಟೀವ್ ಜೆನಮ್. ಆ ರಾತ್ರಿ ಅವರು ಆಡಿದ್ದು ಒಂದೇ ಕಾದಾಟ, ಅದೇ ಫೈನಲ್. ಗೆದ್ದು ಚಾಂಪಿಯನ್ ಆದರು. ಅವರ ತಪ್ಪು ಏನೂ ಇಲ್ಲ, ಕರೆದರು, ಬಂದರು, ಗೆದ್ದರು. ಆದರೆ ನಿಮ್ಮ ಟೂರ್ನಿಯಲ್ಲಿ ಹೀಗಾದರೆ ಮಿಕ್ಕ ಏಳು ಮ್ಯಾನೇಜರ್‌ಗಳು ಮುಂದಿನ ಸಲ ನಿಮ್ಮ ಕಡೆ ತಿರುಗಿಯೂ ನೋಡುವುದಿಲ್ಲ.

ಹಾಗಂತ ಮೀಸಲಿನವರನ್ನು ಕೀಳಾಗಿ ಕಾಣಬೇಡಿ. ಅಮೆರಿಕದ ಇನ್ನೊಂದು ಎಂಎಂಎ ಸಂಸ್ಥೆ ಸ್ಟ್ರೈಕ್‌ಫೋರ್ಸ್‌ನ ಹೆವಿವೇಟ್ ಗ್ರ್ಯಾಂಡ್ ಪ್ರಿಯಲ್ಲಿ ಅಲಿಸ್ಟೇರ್ ಓವರೀಮ್ ಜಾಗಕ್ಕೆ ಬಂದ ಡೇನಿಯಲ್ ಕಾರ್ಮಿಯೆ ಸೆಮಿಫೈನಲ್‌ನಲ್ಲಿ ಆಂಟೊನಿಯೊ ಸಿಲ್ವಾರನ್ನು ಕೆಡವಿ, 2012ರ ಮೇ ತಿಂಗಳಲ್ಲಿ ಜಾಶ್ ಬಾರ್ನೆಟ್‌ರನ್ನು ಸೋಲಿಸಿ ಟೂರ್ನಿಯನ್ನೇ ಗೆದ್ದರು. ಅಲ್ಲಿ ಯಾರೂ ಗೊಣಗಲಿಲ್ಲ. ಎರಡು ಗಟ್ಟಿ ಆಳುಗಳನ್ನು ದಾಟಿಯೇ ಅವರು ಪಟ್ಟ ಏರಿದ್ದು.

ನನ್ನ ನಿಯಮ ಇದು, ಬೇಕಾದರೆ ಹಾಗೇ ಇಳಿಸಿಕೊಳ್ಳಿ. ಮೊದಲ ಹಂತಕ್ಕೆ ಮುಂಚೆ ಯಾರಾದರೂ ಬಿಟ್ಟರೆ ಮೊದಲು ಹೆಸರು ಕೊಟ್ಟ ಮೀಸಲಿನವನು ನೇರ ಒಳಗೆ. ಸೆಮಿಫೈನಲ್‌ಗೆ ಮುಂಚೆ ಬಿಟ್ಟರೆ ಮೀಸಲು ಕಾದಾಟ ಗೆದ್ದವನು. ಫೈನಲ್‌ಗೆ ಮುಂಚೆ ಬಿಟ್ಟರೆ ಮೀಸಲಿನವನಿಗೆ ಬಾಗಿಲು ಬಂದ್, ಬಿಟ್ಟವನ ಕೈಯಲ್ಲಿ ಸೆಮಿಫೈನಲ್‌ನಲ್ಲಿ ಸೋತವನು ಬರುತ್ತಾನೆ. ಅವನು ಸೋತಿದ್ದಾನೆ ನಿಜ, ಆದರೆ ಒಂದು ಹಂತವನ್ನಾದರೂ ಗೆದ್ದು ಬಂದಿದ್ದಾನೆ. ಅವನಿಗೂ ಗಾಯವಾಗಿದ್ದರೆ ಫೈನಲ್ ಎರಡು ವಾರ ಮುಂದಕ್ಕೆ. ಒಂದೇ ಸಲ. ಎರಡನೇ ಸಲ ಮುಂದಕ್ಕೆ ಹಾಕಿದ ಟೂರ್ನಿ ಮುಗಿದದ್ದನ್ನು ನಾನಂತೂ ನೋಡಿಲ್ಲ.

ಗಾಯಕ್ಕಿಂತ ದೊಡ್ಡ ಕಾಟ ನಾಪತ್ತೆಯಾಗುವ ಮ್ಯಾನೇಜರ್. ಫೈಟರ್ ಗಟ್ಟಿಮುಟ್ಟಾಗಿರುತ್ತಾನೆ, ಆದರೆ ನೀವು ಕಳಿಸಿದ ಆಫರ್ ಒಪ್ಪುವವರೇ ಇಲ್ಲ. ಇದಕ್ಕೆ ಗಡುವು ಬೇಕು. ನನ್ನದು 48 ಗಂಟೆ. ಒಂದು ಹಂತ ಮುಗಿದ ಮಾರನೇ ದಿನವೇ ಮುಂದಿನ ಆಫರ್ ಕಳಿಸಿ, ವಾರ ಕಾಯಬೇಡಿ. 24 ಗಂಟೆಗೆ ಒಂದು ಮೆಸೇಜ್. 48ಕ್ಕೆ ಬದಲಿಯವನಿಗೆ ಆಫರ್. ‘ಪಾಪ, ಊರಿಗೆ ಹೋಗಿರಬೇಕು’ ಅಂತ ಕರಗಬೇಡಿ. ಆ ಪಾಪಕ್ಕೆ ಎದುರಿನವನು ದಂಡ ಕಟ್ಟುತ್ತಾನೆ, ಅವನ ಫೈಟರ್ ಸುಮ್ಮನೆ ಕೂತಿರುತ್ತಾನೆ.

ಇನ್ನು ಡ್ರಾ. ‘ಎಂಎಂಎಯಲ್ಲಿ ಡ್ರಾ ಎಲ್ಲಿ ಆಗುತ್ತೆ ಬಿಡಿ’ ಅನ್ನುತ್ತಾರೆ. ಆಗುತ್ತದೆ. ಜಡ್ಜ್‌ಗಳು ಪ್ರತಿ ರೌಂಡ್ ಗೆದ್ದವನಿಗೆ 10, ಸೋತವನಿಗೆ 9 ಅಥವಾ ಅದಕ್ಕಿಂತ ಕಮ್ಮಿ ಅಂಕ ಕೊಡುತ್ತಾರೆ. ಮೂರು ರೌಂಡ್‌ನಲ್ಲಿ ಒಬ್ಬ ಎರಡನ್ನು 10–9ರಲ್ಲಿ ಗೆದ್ದು, ಒಂದನ್ನು 8–10ರಲ್ಲಿ ಸೋತರೆ ಇಬ್ಬರಿಗೂ 28. ‘ದಿ ಅಲ್ಟಿಮೇಟ್ ಫೈಟರ್’ ಟಿವಿ ಶೋನಲ್ಲಿ ಎರಡು ರೌಂಡ್ ಸಮವಾದರೆ ಮೂರನೆಯದು ಆಡಿಸುತ್ತಾರೆ. ನಮ್ಮ ಆಟದಲ್ಲಿ ಮುಗಿದ ಕಾದಾಟಕ್ಕೆ ರೌಂಡ್ ಸೇರಿಸಲು ಬರುವುದಿಲ್ಲ. ಹಾಗಾಗಿ ಮೊದಲು ಮೂರೂ ಜಡ್ಜ್‌ಗಳ ಅಂಕ ಕೂಡಿ. ಅದೂ ಸಮ ಇದ್ದರೆ ಕೊನೆಯ ರೌಂಡ್ ಯಾರದ್ದು ನೋಡಿ. ಅಲ್ಲೂ ಬಗೆಹರಿಯದಿದ್ದರೆ ಕಿರಿಯವನು, ಅಂದರೆ ಐಡಿ ಸಂಖ್ಯೆ ಜಾಸ್ತಿ ಇರುವವನು, ಮುಂದಕ್ಕೆ. ಹಳಬ ಗೆಲ್ಲಬೇಕಿತ್ತು, ಗೆಲ್ಲಲಿಲ್ಲ. ಕೆಲವರು ಮರುಪಂದ್ಯ ಇಡುತ್ತಾರೆ. ಬೇಡ. ಎರಡು ವಾರ ಹಾಳು, ಗೆದ್ದವನು ಮುಂದಿನ ಹಂತಕ್ಕೆ ಬರುವಾಗ ಹಣ್ಣಾಗಿರುತ್ತಾನೆ.

ಹೆಜ್ಜೆ 7: ಸೋತವರು

ಸೋತವರ ಒಪ್ಪಂದದಲ್ಲಿ ಇನ್ನೂ ಕಾದಾಟ ಉಳಿದಿರುತ್ತದೆ. ಮೊದಲ ಹಂತದಲ್ಲಿ ಸೋತ ನಾಲ್ವರನ್ನು ಸೆಮಿಫೈನಲ್ ರಾತ್ರಿ ಎರಡು ಜೋಡಿ ಮಾಡಿ ಆಡಿಸಿ. ಆ ರಾತ್ರಿಯ ಕಾದಾಟಗಳ ಪಟ್ಟಿ ತುಂಬುತ್ತದೆ, ಅವರ ಮ್ಯಾನೇಜರ್‌ಗಳೂ ಟೂರ್ನಿ ನೋಡಲು ಬರುತ್ತಾರೆ.

ಹೆಜ್ಜೆ 8: ಫೈನಲ್

ಐದು ರೌಂಡ್ ಇಡುವುದಾದರೆ ಮೊದಲ ದಿನವೇ ಹೇಳಿ. ಮೂರು ರೌಂಡ್‌ಗೆ ಅಂತ ದಮ್ಮು ಕಟ್ಟಿದ ಫೈಟರ್ ನಾಲ್ಕನೆಯದರಲ್ಲಿ ಗೋಣಿಚೀಲದ ಹಾಗೆ ಬೀಳುತ್ತಾನೆ. ನಾನು ಎಲ್ಲ ಹಂತಕ್ಕೂ ಮೂರೇ ಇಡುತ್ತೇನೆ.

ಫಲಿತಾಂಶವನ್ನು ಒಂದು ದಿನ ಯಾರಿಗೂ ಹೇಳಬೇಡಿ. ಕಾದಾಟದ ಬರಹವನ್ನು ಸಾಲು ಸಾಲಾಗಿ ಓದುವುದರಲ್ಲೇ ಈ ಆಟದ ರುಚಿ ಇರುವುದು. ನಿದ್ದೆಗೆಟ್ಟು ಕಾಯದವರು ಬೆಳಿಗ್ಗೆ ಕಾಫಿ ಕುಡಿಯುತ್ತಾ ಓದಲಿ. ಅಷ್ಟರೊಳಗೆ ಮೀಸಲಿನವರ ಒಪ್ಪಂದ ಬಿಡಿಸಿ, ಅವರಿಬ್ಬರಿಗೂ ಒಂದೊಂದು ಮೆಸೇಜ್ ಹಾಕಿ: ಮುಂದಿನ ಸಲ ಎಂಟರಲ್ಲಿ ಮೊದಲ ಎರಡು ಜಾಗ ನಿಮ್ಮದು.